ವಾಯುಪಡೆ ಮುಖ್ಯಸ್ಥರಿಗೆ ನಿಜವಾಗ್ಲೂ ಏನು ಕೆಲಸ? ಮಿರ್ಚಿ ಪಂದ್ಯ ಕಟ್ಟಿದ್ದೇವೆ, ಹೇಳಿ

ಮಂಡಕ್ಕಿ ಪ್ರಿಯ, ದಾವಣಗೆರೆ

ನಿನ್ನೆ ಸಂಜೆ ಜಯದೇವ ಸರ್ಕಲ್ ಹತ್ತಿರ ನರ್ಗೀಸ್ ಮಂಡಕ್ಕಿ ತಿನ್ನುತ್ತಾ ನಿಂತಿದ್ದೆವು. ನಾನು, ನನ್ನ ಷಡ್ಡಕ, ಅವನ ಮಗಳು. ಹುಡುಗಿ ಸೆಕೆಂಡ್ ಪಿಯು ಸೈನ್ಸ್. ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ಬರ್ತಿದ್ರೂ ಕೇಳಿದಳು: "ದೊಡ್ಡಪ್ಪ, ಯುದ್ಧ ಆದ್ರೆ ಏರ್ ಚೀಫ್ ಮಾರ್ಷಲ್ ವಿಮಾನ ಹಾರಿಸ್ತಾರಾ?"

ಷಡ್ಡಕ ಹಾರಿಸ್ತಾರೆ ಅಂದ. "ಇಲ್ದಿದ್ರೆ ಪೈಲಟ್‌ನೇ ಯಾಕೆ ಆ ಕುರ್ಚಿ ಮೇಲೆ ಕೂರಿಸ್ತಾರೆ?" ಅಂತ ಅವನ ವಾದ. ನಾನು ಇಲ್ಲ ಅಂದೆ. ಅವರು ದೆಹಲಿಯಲ್ಲಿ ಕೂತು ಯುದ್ಧ ಮಾಡೋದಾ ಬೇಡವಾ ಅಂತ ತೀರ್ಮಾನ ಮಾಡ್ತಾರೆ ಅನ್ನೋದು ನನ್ನ ತಿಳಿವಳಿಕೆ. ಅಷ್ಟರಲ್ಲಿ ಅಂಗಡಿಯವರು ಬಾಣಲೆಯಿಂದ ಮಿರ್ಚಿ ಎತ್ತುತ್ತಾ, "ಈಗ ಮೂರೂ ಪಡೆಗೆ ಸೇರಿ ಒಬ್ಬ ಮುಖ್ಯಸ್ಥರು, ಸಿಡಿಎಸ್ ಅಂತ ಬಂದಿದ್ದಾರಲ್ಲ ಸಾರ್, ಇವರಿಗೆ ಇನ್ನೇನು ಕೆಲಸ ಉಳಿದಿದೆ?" ಅಂದುಬಿಟ್ಟರು.

ಮೂರು ಜನ, ಮೂರು ಮಾತು. ಸೋತವರು ಮುಂದಿನ ಭಾನುವಾರ ಎಲ್ಲರ ಮಿರ್ಚಿ ದುಡ್ಡು ಕೊಡಬೇಕು. ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ. ಮಾಡಿ ತಲೆ ಕೆಟ್ಟಮೇಲೇ ಇಲ್ಲಿಗೆ ಬಂದಿದ್ದು.

ಕೋಟೆ ಹುಡುಗ, ಚಿತ್ರದುರ್ಗ

ಅಂಗಡಿಯವರೇ ಗೆದ್ದರು ಬಿಡಿ. ಯುದ್ಧದ ತೀರ್ಮಾನ ಪ್ರಧಾನಿಯದು. ದುಡ್ಡು ರಕ್ಷಣಾ ಸಚಿವಾಲಯದ್ದು. ವಿಮಾನ ಕಟ್ಟೋದು ಎಚ್‌ಎಎಲ್. ಹಾರಿಸೋದು ಇಪ್ಪತ್ತೈದು ಮೂವತ್ತು ವರ್ಷದ ಹುಡುಗರು. ಮುಖ್ಯಸ್ಥರು ಪೆರೇಡ್‌ನಲ್ಲಿ ಸೆಲ್ಯೂಟ್ ತಗೊಳ್ತಾರೆ, ತಿಂಗಳಿಗೆ 2,50,000 ಸಂಬಳ. ನನಗೂ ಅಂಥದ್ದೊಂದು ಕೆಲಸ ಕೊಡಿಸಿ.

ಮಾಜಿ ಸಾರ್ಜೆಂಟ್, ಚಿತ್ರದುರ್ಗ

ಕೋಟೆ ಹುಡುಗ, ಸ್ವಲ್ಪ ತಡಿ ತಮ್ಮಾ.

ನಾನು 20 ವರ್ಷ ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವನು. ಇನ್‌ಸ್ಟ್ರುಮೆಂಟ್ ಫಿಟ್ಟರ್. ಅಧಿಕಾರಿ ಅಲ್ಲ. ಹಾಗಾಗಿ ಮೇಲಿನವರ ಕೋಣೆಯ ಗುಟ್ಟು ಕೇಳಬೇಡಿ, ಕೆಳಗೆ ನಿಂತು ಕಂಡದ್ದನ್ನು ಹೇಳ್ತೀನಿ.

ಮೊದಲು ಪಂದ್ಯ. ಷಡ್ಡಕರ ಮಾತು ಅರ್ಧ ಸರಿ. ಮುಖ್ಯಸ್ಥರು ವಿಮಾನ ಹಾರಿಸ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಆಗಿನ ಮುಖ್ಯಸ್ಥರು ಬಿ.ಎಸ್. ಧನೋವಾ ಅವರು ಪಠಾಣ್‌ಕೋಟ್‌ನಲ್ಲಿ ಅಭಿನಂದನ್ ಜೊತೆ ಮಿಗ್-21 ಹಾರಿಸಿದರು. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದಾಗ ಮುಖ್ಯಸ್ಥರಾಗಿದ್ದ ಎ.ಪಿ. ಸಿಂಗ್ ಅವರೇ ಅದರಲ್ಲಿ ಹಾರಿದರು. ಆದರೆ ಯುದ್ಧದ ದಿನ ಅವರ ಜಾಗ ಕಾಕ್‌ಪಿಟ್ ಅಲ್ಲ.

ಮುಖ್ಯಸ್ಥರ ಕೈಕೆಳಗೆ ಏಳು ಕಮಾಂಡ್ ಇವೆ. ಐದು ಹಾರಾಟ, ಕಾದಾಟ ನೋಡಿಕೊಳ್ಳುವಂಥವು: ದೆಹಲಿ, ಶಿಲ್ಲಾಂಗ್, ಪ್ರಯಾಗ್‌ರಾಜ್, ಗಾಂಧಿನಗರ, ತಿರುವನಂತಪುರ. ನಾಗಪುರದ್ದು ರಿಪೇರಿ ಮತ್ತು ಸಾಮಾನಿನ ಕಮಾಂಡ್. ನಮ್ಮ ಬೆಂಗಳೂರಿನದು ತರಬೇತಿ. ಒಂದೊಂದಕ್ಕೂ ಒಬ್ಬ ಏರ್ ಮಾರ್ಷಲ್. ದಿನದ ಹಾರಾಟ ಅವರ ಉಸ್ತುವಾರಿಯಲ್ಲೇ ನಡೆಯುತ್ತೆ.

ಇನ್ನು ಮಂಡಕ್ಕಿಯವರೇ, ಯುದ್ಧ ಬೇಕಾ ಬೇಡವಾ ಅನ್ನೋದು ಮುಖ್ಯಸ್ಥರ ಕೈಲಿಲ್ಲ. ಅದು ಚುನಾಯಿತ ಸರ್ಕಾರದ್ದು. ಮೂರೂ ಪಡೆಗಳ ಸರ್ವೋಚ್ಚ ದಂಡನಾಯಕರು ರಾಷ್ಟ್ರಪತಿ. ಹಾಗಾಗಿ ನೀವೂ ಸೋತಿರಿ.

ಮಂಡಕ್ಕಿ ಪ್ರಿಯ, ದಾವಣಗೆರೆ

ಅಯ್ಯೋ. ಹಾಗಾದ್ರೆ ಅಂಗಡಿಯವರು?

ಬಲದಂಡೆ ರೈತ, ದಾವಣಗೆರೆ ತಾಲ್ಲೂಕು

ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನನಗೆ ವಿಮಾನದ ಬಗ್ಗೆ ಏನೂ ಗೊತ್ತಿಲ್ಲ. ಭದ್ರಾ ನಾಲೆ ಗೊತ್ತು.

ನಾಲೆಗೆ ಯಾವತ್ತು ನೀರು ಬಿಡಬೇಕು ಅಂತ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ತೀರ್ಮಾನ ಆಗುತ್ತೆ. ಮಂತ್ರಿಗಳು, ಶಾಸಕರು ಇರ್ತಾರೆ, ನಾವು ಹೊರಗೆ ಕೂಗ್ತಿರ್ತೀವಿ. ಅಲ್ಲಿ ಕೊನೇ ಮಾತು ಇಂಜಿನಿಯರ್‌ದಲ್ಲ. ಆದರೆ ಡ್ಯಾಮಲ್ಲಿ ನೀರೆಷ್ಟಿದೆ, ಕೊನೇ ಭಾಗಕ್ಕೆ ತಲುಪುತ್ತಾ ಅಂತ ಸಭೆ ಅವರ ಮುಖವನ್ನೇ ನೋಡುತ್ತೆ. ಬಿಡಿ ಅಂದ ದಿನ ಗೇಟು ಏಳಲಿಲ್ಲ ಅಂದ್ರೆ ಬೈಗುಳವೂ ಅವರಿಗೇ. ಹೂಳು ಎತ್ತಿಸಿದಿರಾ, ಗೇಟಿಗೆ ಗ್ರೀಸ್ ಹಾಕಿಸಿದಿರಾ? ಬೇಸಿಗೆಯಲ್ಲಿ ಮಾಡಿಸಬೇಕಿದ್ದ ಕೆಲಸ.

ಇವರದ್ದೂ ಅಂಥದ್ದೇ ಇರಬೇಕು ಅನ್ಸುತ್ತೆ. ತಪ್ಪಿದ್ರೆ ತಿದ್ದಿ.

ಮಾಜಿ ಸಾರ್ಜೆಂಟ್, ಚಿತ್ರದುರ್ಗ

ರೈತರೇ, ತಿದ್ದೋಕೆ ಏನೂ ಇಲ್ಲ. ಇದಕ್ಕೇ ಒಂದು ನಿಜವಾದ ಕತೆ ಇದೆ.

1965ರ ಸೆಪ್ಟೆಂಬರ್ 1. ಜಮ್ಮು ಗಡಿಯ ಛಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದವು. ಭೂಸೇನೆಯವರು ವಿಮಾನದ ಸಹಾಯ ಬೇಕು ಅಂದರು. ಆಗ ರಕ್ಷಣಾ ಸಚಿವರು ವೈ.ಬಿ. ಚವಾಣ್, ವಾಯುಪಡೆ ಮುಖ್ಯಸ್ಥರು ಅರ್ಜನ್ ಸಿಂಗ್. ಎಷ್ಟು ಹೊತ್ತು ಬೇಕು ಅಂತ ಸಚಿವರು ಕೇಳಿದರು. ಒಂದು ಗಂಟೆ ಅಂದರು ಅರ್ಜನ್ ಸಿಂಗ್. ಅವತ್ತೇ ಸಂಜೆ ಪಠಾಣ್‌ಕೋಟ್‌ನಿಂದ 26 ವಿಮಾನಗಳು ಎದ್ದವು.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಮುಂದಿನದನ್ನೂ ಕೇಳಿ. 26ರಲ್ಲಿ 14 ಮಿಸ್ಟೇರ್, 12 ವ್ಯಾಂಪೈರ್. ವ್ಯಾಂಪೈರ್ ಎರಡನೇ ಮಹಾಯುದ್ಧದ ಹೊತ್ತಿನ ಹಳೇ ಜೆಟ್. ಎದುರಿಗೆ ಬಂದದ್ದು ಪಾಕಿಸ್ತಾನದ ಸೇಬರ್ ಜೆಟ್. ಅದೇ ಸಂಜೆ ನಾಲ್ಕು ವ್ಯಾಂಪೈರ್ ಕಳೆದುಕೊಂಡೆವು. ಆಮೇಲೆ ಅವನ್ನು ಮುಂಚೂಣಿಯಿಂದ ಹಿಂದಕ್ಕೆ ತೆಗೆದರು.

ಒಂದು ಗಂಟೆಯಲ್ಲಿ ಏಳ್ತೀವಿ ಅನ್ನೋಕೆ ಬಾಂಬು, ಎಣ್ಣೆ, ಹುಡುಗರು ಎಲ್ಲಾ ತಯಾರಿರಬೇಕು. ಅದು ಇತ್ತು. ಆದರೆ ಗಂಟೆಯೊಳಗೆ ಹೊಸ ವಿಮಾನ ತರೋಕೆ ಆಗಲ್ಲ. ಅದು ಹತ್ತು ವರ್ಷ ಹಿಂದೆ ಕೂತಿದ್ದ ಮುಖ್ಯಸ್ಥರು ಕೇಳಬೇಕಿತ್ತು, ಆಗಿನ ಸರ್ಕಾರ ಕೊಡಬೇಕಿತ್ತು. ಈಗಿನ ಮುಖ್ಯಸ್ಥರು ಇವತ್ತು ಕೇಳಿದ ವಿಮಾನದಲ್ಲಿ ಹಾರೋರು ಇನ್ನೂ ಯಾವುದೋ ಹೈಸ್ಕೂಲಲ್ಲಿ ಇದ್ದಾರೆ.

(ಅರ್ಜನ್ ಸಿಂಗ್ ಮುಖ್ಯಸ್ಥರಾದಾಗ ವಯಸ್ಸು 45. 2002ರಲ್ಲಿ ಅವರನ್ನು ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್ ಮಾಡಿದರು. ಐದು ನಕ್ಷತ್ರ. ಆ ಪದವಿಗೆ ನಿವೃತ್ತಿ ಇಲ್ಲ, ವಾಯುಪಡೆಯಲ್ಲಿ ಅದು ಸಿಕ್ಕಿದ್ದು ಅವರೊಬ್ಬರಿಗೇ.)

ಕೋಟೆ ಹುಡುಗ, ಚಿತ್ರದುರ್ಗ

ಸಾರ್ಜೆಂಟ್ ಸಾರ್, ಕತೆ ಚೆನ್ನಾಗಿದೆ. ಆದರೆ ಅದೂ ನನ್ನ ಮಾತಿಗೇ ಬಂತಲ್ಲ? ಕೇಳಬೇಕು, ಕೊಡಬೇಕು. ಕೇಳೋರು ಇವರು, ಕೊಡೋರು ಅವರು. ವಾಯುಪಡೆಗೆ 42 ಸ್ಕ್ವಾಡ್ರನ್, ಅಂದ್ರೆ ಯುದ್ಧವಿಮಾನಗಳ ತಂಡ, ಬೇಕು ಅಂತ ಮಂಜೂರಾಗಿದೆ. ಮಿಗ್-21 ಹೋದ ಮೇಲೆ ಉಳಿದಿದ್ದು 29. ಇಷ್ಟು ವರ್ಷ ಬಂದ ಮುಖ್ಯಸ್ಥರೆಲ್ಲಾ ಕೇಳುತ್ತಲೇ ಇದ್ದರು ತಾನೇ? ಏನಾಯ್ತು?

ಬೆಂಗಳೂರಲ್ಲಿರೋ ದಾವಣಗೆರೆಯವ

ಕೋಟೆ ಹುಡುಗ ಹೇಳಿದ್ದರಲ್ಲಿ ತಥ್ಯ ಇದೆ. ನಾನು ವಿಮಾನದ ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನಿಯಲ್ಲಿದ್ದೀನಿ.

ಎಚ್‌ಎಎಲ್ ವಾಯುಪಡೆ ಮುಖ್ಯಸ್ಥರ ಕೈಕೆಳಗೆ ಬರಲ್ಲ. ಅದು ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಯ ಕೆಳಗೆ. ಮುಖ್ಯಸ್ಥರು ಗಿರಾಕಿ. ಬಹಳ ದೊಡ್ಡ ಗಿರಾಕಿ, ಆದ್ರೂ ಗಿರಾಕಿನೇ. 2021ರ ಫೆಬ್ರವರಿಯಲ್ಲಿ ಎಚ್‌ಎಎಲ್ ಕಟ್ಟೋ ಯುದ್ಧವಿಮಾನ ತೇಜಸ್ ಮಾರ್ಕ್-1ಎ 83ಕ್ಕೆ ಆರ್ಡರ್ ಆಯ್ತು, ಸುಮಾರು 48,000 ಕೋಟಿ. ಅದಕ್ಕೆ 99 ಎಂಜಿನ್ ಅಮೆರಿಕದಿಂದ ಬರಬೇಕು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ ಇಲ್ಲದ ವಿಮಾನ ಮದುವೆ ಮಂಟಪದಲ್ಲಿ ಗಂಡಿಗೆ ಕಾಯೋ ಹೆಣ್ಣಿನ ಕಡೆಯವರ ಹಾಗೆ. ಅಡಿಗೆ ಆರ್ತಾ ಇರುತ್ತೆ, ಏನೂ ಮಾಡೋ ಹಾಗಿಲ್ಲ.

ಆದರೆ ಕೇಳೋದರಲ್ಲೂ ಒಂದು ತೂಕ ಇದೆ ಗುರುವೇ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎ.ಪಿ. ಸಿಂಗ್ ಅವರು ತೇಜಸ್ ವಿಳಂಬದ ಬಗ್ಗೆ ಎಚ್‌ಎಎಲ್‌ನವರ ಎದುರೇ ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದು ವಿಡಿಯೋ ಆಗಿ ಎಲ್ಲಾ ಕಡೆ ಓಡಾಡಿತು. ಅದೇ ವರ್ಷ ಮೇ ತಿಂಗಳಲ್ಲಿ ವೇದಿಕೆ ಮೇಲೆಯೇ, ಹೇಳಿದ ಸಮಯಕ್ಕೆ ಮುಗಿದ ಯೋಜನೆ ಒಂದೂ ನೆನಪಿಗೆ ಬರ್ತಿಲ್ಲ ಅಂದರು. ಅವತ್ತು ನಮ್ಮ ಸಣ್ಣ ಕಂಪನಿಯ ವಾಟ್ಸಾಪ್ ಗ್ರೂಪಲ್ಲೂ ಸದ್ದಿಲ್ಲ. ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಕ್ಕೆ ಸಹಿ ಬಿತ್ತು. ಬೈದರು, ಆರ್ಡರ್ರೂ ಕೊಟ್ಟರು. ಬೇರೆ ಅಂಗಡಿಯೂ ಇಲ್ಲವಲ್ಲ!

ಕಾವಲ್ ಪಕ್ಕದವ, ಚಳ್ಳಕೆರೆ

ನನ್ನದೊಂದು ದಡ್ಡ ಪ್ರಶ್ನೆ. ನಮ್ಮ ವರವು ಕಾವಲ್‌ನಲ್ಲಿ ಇರೋ ರನ್‌ವೇ ಇವರ ಕೈಕೆಳಗೇನಾ?

ಯಾಕೆ ಕೇಳ್ತೀನಿ ಅಂದ್ರೆ, 2023ರ ಏಪ್ರಿಲ್ 2, ಬೆಳಿಗ್ಗೆ ಏಳೂಕಾಲರ ಹೊತ್ತು. ಹೊಲಕ್ಕೆ ಹೋಗಿದ್ದೆ. ಎರಡು ರೆಕ್ಕೆಚಕ್ರದ ಭಾರೀ ಹೆಲಿಕಾಪ್ಟರ್, ಹಿಂದೊಂದು ಮುಂದೊಂದು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ. ಕೆಳಗೆ ಹಗ್ಗದಲ್ಲಿ ಏನೋ ತೂಗ್ತಾ ಇದೆ, ಸಣ್ಣ ವಿಮಾನದ ಮರಿ ಥರ. ಕುರಿ ಎಲ್ಲಾ ಒಂದೇ ಕಡೆ ಮುದುರಿಕೊಂಡವು. ನಮ್ಮ ಅಜ್ಜಿ "ಹದ್ದು ಕೋಳಿಮರಿ ಎತ್ಕೊಂಡು ಹೋದಂಗೆ ಹೋಯ್ತಲ್ಲೋ" ಅಂದಳು. ಸಂಜೆ ಟಿವಿ ನೋಡಿದ ಮೇಲೆ ಗೊತ್ತಾಯ್ತು, ಅದು ಇಸ್ರೋದ ಪುನರ್ಬಳಕೆ ವಾಹನ. ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರಂತೆ, ತಾನೇ ಬಂದು 7.40ಕ್ಕೆ ಇಳಿಯಿತಂತೆ.

ಆಮೇಲೆ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹೊಲದಲ್ಲಿ ಬಿದ್ದ ಡ್ರೋನ್ ಇದೆಯಲ್ಲ, ರುಸ್ತುಂ-2, ಅದಕ್ಕೂ ಮುಖ್ಯಸ್ಥರೇ ಉತ್ತರ ಹೇಳಬೇಕಾ? ಕಾವಲಿಗೆ ಬೇಲಿ ಬಿದ್ದು ಕುರಿ ಸುತ್ತು ಹಾಕೋ ಕತೆ ಬೇರೆಯೇ ಇದೆ. ಅದನ್ನ ಇನ್ನೊಂದು ದಿನ ಜಗಳಾಡೋಣ.

ಮಾಜಿ ಸಾರ್ಜೆಂಟ್, ಚಿತ್ರದುರ್ಗ

ದಡ್ಡ ಪ್ರಶ್ನೆ ಅಲ್ಲ. ನನ್ನ ಹತ್ತಿರವೇ ಎಷ್ಟೋ ಜನ ಕೇಳಿದ್ದಾರೆ.

ಆ ರನ್‌ವೇ ಡಿಆರ್‌ಡಿಒದ್ದು, ಅಂದ್ರೆ ರಕ್ಷಣಾ ಸಂಶೋಧನಾ ಸಂಸ್ಥೆಯದ್ದು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟಿಸಿದ್ದು. ರುಸ್ತುಂ ಡಿಆರ್‌ಡಿಒದ ಪರೀಕ್ಷೆ. ಅವು ವಾಯುಪಡೆ ಮುಖ್ಯಸ್ಥರ ಅಧೀನ ಅಲ್ಲ. ಆದರೆ ನೀವು ನೋಡಿದ ಆ ಹೆಲಿಕಾಪ್ಟರ್ ಚಿನೂಕ್, ಅದು ವಾಯುಪಡೆಯದ್ದು. ಇಸ್ರೋ ವಾಹನ, ಡಿಆರ್‌ಡಿಒ ನೆಲ, ವಾಯುಪಡೆ ಹೆಲಿಕಾಪ್ಟರ್. ಒಂದೇ ಆಕಾಶದಲ್ಲಿ ಮೂರು ಮನೆಯವರು. ಯಾರು ಯಾರ ಮಾತು ಕೇಳ್ತಾರೆ ಅಂತ ಕೆಳಗಿಂದ ನೋಡಿದವರಿಗೆ ಗೊತ್ತಾಗಲ್ಲ.

ಫಿಸಿಕ್ಸ್ ಮೇಡಂ, ದಾವಣಗೆರೆ

ಪಿಯು ಹುಡುಗಿ ಕೇಳಿದ ಪ್ರಶ್ನೆ ಅಂತ ನಾನೂ ಬಂದೆ. ನನ್ನ ತರಗತಿಯಲ್ಲೂ ಇಬ್ಬರು ಸೇನಾ ಅಧಿಕಾರಿಗಳನ್ನು ತಯಾರು ಮಾಡೋ ಅಕಾಡೆಮಿ ಎನ್‌ಡಿಎ ಪರೀಕ್ಷೆ ಬರೀತೀನಿ ಅಂತ ಕೂತಿದ್ದಾರೆ.

ಈ ಕುರ್ಚಿಗೆ ಹೋಗೋ ದಾರಿ ಎಷ್ಟು ಉದ್ದ ಅಂತ ಯಾರೂ ಹೇಳಲಿಲ್ಲ. ಎ.ಪಿ. ಸಿಂಗ್ ಅಧಿಕಾರಿಯಾಗಿ ಸೇರಿದ್ದು 1984ರ ಡಿಸೆಂಬರ್, ಮುಖ್ಯಸ್ಥರಾದದ್ದು 2024ರ ಸೆಪ್ಟೆಂಬರ್ 30. ಹತ್ತಿರ ಹತ್ತಿರ 40 ವರ್ಷ. ಫ್ಲೈಯಿಂಗ್ ಆಫೀಸರ್‌ನಿಂದ ಶುರು. ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್, ಏರ್ ಕಮೋಡೋರ್, ಏರ್ ವೈಸ್ ಮಾರ್ಷಲ್, ಏರ್ ಮಾರ್ಷಲ್. ಆಮೇಲೆ ಏರ್ ಚೀಫ್ ಮಾರ್ಷಲ್. ಕೋಟೆಯ ಏಳು ಸುತ್ತಿಗಿಂತ ಎರಡು ಜಾಸ್ತಿ!

ಅಲ್ಲೂ ಹುಟ್ಟಿದ ದಿನಾಂಕದ ಆಟ ಇದೆ. ಏರ್ ಮಾರ್ಷಲ್ 60ಕ್ಕೆ ನಿವೃತ್ತಿ. ಮುಖ್ಯಸ್ಥರಿಗೆ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಆರ್.ಕೆ.ಎಸ್. ಭದೌರಿಯಾ ಅವರು 2019ರ ಸೆಪ್ಟೆಂಬರ್ 30ಕ್ಕೆ ಮನೆಗೆ ಹೋಗಬೇಕಿತ್ತು. ಅದೇ ದಿನ ಧನೋವಾ ನಿವೃತ್ತರಾದರು, ಇವರು ಮುಖ್ಯಸ್ಥರಾದರು. ಕುರ್ಚಿ ಒಂದು ದಿನ ತಡವಾಗಿ ಖಾಲಿಯಾಗಿದ್ದರೆ?

ಎಲ್ಲರೂ ಪೈಲಟ್‌ಗಳೇ. ಹೆಚ್ಚಿನವರು ಯುದ್ಧವಿಮಾನದವರು. ಹೆಲಿಕಾಪ್ಟರ್ ಕಡೆಯಿಂದ ಮೊದಲು ಬಂದವರು ಫಾಲಿ ಮೇಜರ್, 2007ರಲ್ಲಿ. ಹೆಣ್ಣುಮಕ್ಕಳು ಯುದ್ಧವಿಮಾನಕ್ಕೆ ಬಂದದ್ದು 2016ರಲ್ಲಿ. ಎನ್‌ಡಿಎಯಿಂದ ಮೊದಲ ತಂಡದ 17 ಹುಡುಗಿಯರು ಹೊರಬಂದದ್ದು 2025ರ ಮೇ. ಆ 40 ವರ್ಷದ ಲೆಕ್ಕ ಹಿಡಿದರೆ ನಿಮ್ಮ ಷಡ್ಡಕರ ಮಗಳ ಸರದಿ 2070ರ ಹತ್ತಿರ. ಸದ್ಯಕ್ಕೆ ಕೈನೆಮ್ಯಾಟಿಕ್ಸ್ ಓದಲಿ.

ಕೋಟೆ ಹುಡುಗ, ಚಿತ್ರದುರ್ಗ

ಮೇಡಂ ಹೇಳಿದ್ದು ಚೆನ್ನಾಗಿದೆ, ಆದರೆ ಅಂಗಡಿಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಸಿಡಿಎಸ್ ಮೇಲಾ, ಇವರು ಮೇಲಾ?

ಮಾಜಿ ಸಾರ್ಜೆಂಟ್, ಚಿತ್ರದುರ್ಗ

ಇಬ್ಬರಿಗೂ ನಾಲ್ಕೇ ನಕ್ಷತ್ರ, ಒಂದೇ ಸಂಬಳ. 2020ರ ಜನವರಿ 1ಕ್ಕೆ ಬಿಪಿನ್ ರಾವತ್ ಮೊದಲ ಸಿಡಿಎಸ್ ಆದರು. ಆ ಹುದ್ದೆ ಮಾಡುವಾಗಲೇ ಸರ್ಕಾರ ಹೇಳಿತ್ತು, ಮೂವರು ಮುಖ್ಯಸ್ಥರ ಮೇಲೆ ಸಿಡಿಎಸ್‌ಗೆ ದಂಡಾಧಿಕಾರ ಇರಲ್ಲ ಅಂತ. ಮೂರೂ ಪಡೆ ಸೇರಿದ ವಿಷಯಕ್ಕೆ ರಕ್ಷಣಾ ಸಚಿವರಿಗೆ ಮುಖ್ಯ ಸಲಹೆ ಅವರದು. ವಾಯುಪಡೆ ವಿಷಯಕ್ಕೆ ಸಲಹೆ ಕೊಡೋರು ವಾಯುಪಡೆ ಮುಖ್ಯಸ್ಥರೇ.

ಅಂಗಡಿಯವರ ಅನುಮಾನ ಮುಂದೆ ನಿಜವೂ ಆಗಬಹುದು. ಮೂರೂ ಪಡೆಯ ತುಕಡಿಗಳನ್ನು ಸೇರಿಸಿ ಥಿಯೇಟರ್ ಕಮಾಂಡ್ ಮಾಡೋ ಮಾತು ನಡೀತಾ ಇದೆ. ಹಾಗಾದರೆ ಕಾದಾಟ ಆ ಕಮಾಂಡರ್ ಕೈಗೆ ಹೋಗುತ್ತೆ, ಮುಖ್ಯಸ್ಥರಿಗೆ ಪಡೆಯನ್ನು ಬೆಳೆಸೋದು, ತರಬೇತಿ ಕೊಡೋದು ಉಳಿಯುತ್ತೆ. ವಾಯುಪಡೆಗೆ ಇದರಲ್ಲಿ ಅಳುಕಿದೆ. ಇರೋದೇ 29 ಸ್ಕ್ವಾಡ್ರನ್, ಇದನ್ನೂ ಪಾಲು ಮಾಡಿ ಹಂಚಿದರೆ ಹೇಗೆ ಅಂತ. ವಿಮಾನ ಬೆಳಿಗ್ಗೆ ಪಂಜಾಬಲ್ಲಿ, ಸಂಜೆ ಅಸ್ಸಾಮಲ್ಲಿ ಇರಬಹುದು. ಟ್ಯಾಂಕಿಗೆ ಅದು ಆಗಲ್ಲ. ಈ ವಿಷಯದಲ್ಲಿ ನಾನು ಪಕ್ಷಪಾತಿ, 20 ವರ್ಷ ಅವರ ಅನ್ನ ತಿಂದಿದ್ದೀನಿ.

ಸೆಲ್ಯೂಟ್ ಹುದ್ದೆ ಅಂದೆಯಲ್ಲ ತಮ್ಮಾ, 1999ರ ಕಾರ್ಗಿಲ್ ನೋಡು. ಗುಡ್ಡದ ಮೇಲೆ ಕೂತವರನ್ನು ಹೊಡೆಯೋಕೆ ಭೂಸೇನೆ ಮೊದಲು ಕೇಳಿದ್ದು ಹೆಲಿಕಾಪ್ಟರ್. ಆಗ ಮುಖ್ಯಸ್ಥರು ಎ.ವೈ. ಟಿಪ್ನಿಸ್. ಅಷ್ಟೆತ್ತರದಲ್ಲಿ ಹೆಲಿಕಾಪ್ಟರ್ ಸುಲಭದ ಗುರಿ, ಜೊತೆಗೆ ಸರ್ಕಾರದ ಒಪ್ಪಿಗೆ ಇಲ್ಲದೆ ವಾಯುಪಡೆ ಇಳಿಯಲ್ಲ ಅನ್ನೋದು ಅವರ ನಿಲುವು. ಅದಕ್ಕೆ ಬೈಸಿಕೊಂಡರು. ಮೇ 25ಕ್ಕೆ ಸರ್ಕಾರ ಒಪ್ಪಿತು, ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಷರತ್ತು ಹಾಕಿ. 26ರ ಬೆಳಿಗ್ಗೆ ದಾಳಿ ಶುರು. 27ಕ್ಕೆ ಎರಡು ಮಿಗ್ ಹೋದವು. 28ಕ್ಕೆ ಒಂದು ಎಂಐ-17 ಹೆಲಿಕಾಪ್ಟರ್, ಅದರಲ್ಲಿದ್ದ ನಾಲ್ವರೂ ಉಳಿಯಲಿಲ್ಲ. ಆಮೇಲೆ ಹೆಲಿಕಾಪ್ಟರನ್ನು ಆ ದಾಳಿಯಿಂದ ತೆಗೆದು ಮಿರಾಜ್ ಯುದ್ಧವಿಮಾನಗಳನ್ನು ತಂದರು.

ಬೇಡ ಅನ್ನೋಕೂ ಒಬ್ಬರು ಬೇಕಲ್ಲ ಆ ಕೋಣೆಯಲ್ಲಿ.

ಕೋಟೆ ಹುಡುಗ, ಚಿತ್ರದುರ್ಗ

ಸರಿ ಸಾರ್. ಸೆಲ್ಯೂಟ್ ಮಾತು ವಾಪಸ್ ತಗೊಂಡೆ. ಸಂಬಳದ ಮಾತು ತಗೊಳ್ಳಲ್ಲ.

ಮಂಡಕ್ಕಿ ಪ್ರಿಯ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ. ಇದನ್ನೆಲ್ಲಾ ಅಂಗಡಿ ಮುಂದೆ ನಿಂತು ಓದಿ ಹೇಳಿದೆ. ಮೂವರೂ ಸೋತಿದ್ದೇವೆ ಅಂತ ತೀರ್ಮಾನ ಆಯ್ತು. ಷಡ್ಡಕ ಅರ್ಧ, ನಾನು ಅರ್ಧ ಕೊಟ್ಟೆವು. ಅಂಗಡಿಯವರು ತಮ್ಮ ಪಾಲಿಗೆ ಎರಡು ಮಿರ್ಚಿ ಜಾಸ್ತಿ ಹಾಕಿದರು.

ಹುಡುಗಿ ಸಾರ್ಜೆಂಟ್ ಅಂಕಲ್‌ಗೆ ಒಂದು ಪ್ರಶ್ನೆ ಕೇಳಿ ಅಂತ ಹಿಂದೆ ಬಿದ್ದಿದ್ದಾಳೆ. ಮುಖ್ಯಸ್ಥರು ಸರ್ಕಾರಕ್ಕೆ ಬೇಡ ಅನ್ನಬಹುದು, ಸರಿ. ಮುಖ್ಯಸ್ಥರು ವಿಮಾನ ಹಾರಿಸೋಕೆ ಬಂದಾಗ ಅವರಿಗೆ ಯಾರಾದರೂ ಬೇಡ ಅನ್ನಬಹುದಾ?

ಮಾಜಿ ಸಾರ್ಜೆಂಟ್, ಚಿತ್ರದುರ್ಗ

ಮಗಳೇ, ಅನ್ನಬಹುದು. ನನ್ನಂಥವನು.

ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರುತ್ತೆ, ಫಾರ್ಮ್ 700 ಅಂತೀವಿ. ಎಂಜಿನ್‌ನವನು ನೋಡಿ ಸಹಿ ಹಾಕಬೇಕು, ಏರ್‌ಫ್ರೇಮ್‌ನವನು ಹಾಕಬೇಕು, ನಮ್ಮ ಇನ್‌ಸ್ಟ್ರುಮೆಂಟ್‌ನವರು ಹಾಕಬೇಕು. ಎಲ್ಲಾ ಆದ ಮೇಲೆ ಪೈಲಟ್ ಓದಿ, ಕೊನೆಗೆ ತನ್ನ ಸಹಿ ಹಾಕಿ ವಿಮಾನ ತಗೊಳ್ತಾರೆ. ಅವರು ಫ್ಲೈಯಿಂಗ್ ಆಫೀಸರ್ ಆಗಲಿ, ಏರ್ ಚೀಫ್ ಮಾರ್ಷಲ್ ಆಗಲಿ, ಪುಸ್ತಕ ಒಂದೇ.

ಮುಖ್ಯಸ್ಥರಿಗೆ ಇಲ್ಲ ಅನ್ನೋ ಸಂದರ್ಭ ನನಗೆ ಬರಲಿಲ್ಲ. ಒಬ್ಬ ವಿಂಗ್ ಕಮಾಂಡರ್‌ಗೆ ಬಂತು. ಉತ್ತರದ ಒಂದು ನೆಲೆ, ಜನವರಿ, ಮಂಜು. ಎತ್ತರ ತೋರಿಸೋ ಆಲ್ಟಿಮೀಟರ್ ಪರೀಕ್ಷೆ ಮಾಡ್ತಿದ್ದೆ. ಮುಳ್ಳು ಒಂದು ಕಡೆ ಬಂದು ಅಂಟಿಕೊಳ್ತಿತ್ತು. ಗಾಜಿಗೆ ಬೆರಳಲ್ಲಿ ಬಡಿದರೆ ಟಕ್ ಅಂತ ಮುಂದೆ ಹೋಗೋದು. ನನ್ನ ಹಿರಿಯರು, "ಬಡಿದರೆ ಸರಿಹೋಗುತ್ತಲ್ಲ, ಸಹಿ ಹಾಕು ಮಾರಾಯ" ಅಂದರು. ಕೈ ಚಳಿಗೆ ನಡುಗ್ತಿತ್ತೋ ಹೆದರಿಕೆಗೋ ಗೊತ್ತಿಲ್ಲ. ಪೆನ್ನು ಜೇಬಿಗೆ ಹಾಕಿಕೊಂಡೆ.

ಅವತ್ತಿನ ಹಾರಾಟ ರದ್ದಾಯ್ತು. ಹಿರಿಯರು ಎರಡು ದಿನ ಮಾತಾಡಲಿಲ್ಲ. ಬಿಚ್ಚಿ ನೋಡಿದರೆ ಗಾಳಿ ಒತ್ತಡದ ಪೈಪಿನೊಳಗೆ ನೀರಿನ ಹನಿ ಇತ್ತು. ಮೇಲೆ ಹೋದ ಮೇಲೆ ಹೆಪ್ಪುಗಟ್ಟಿದ್ದರೆ ಮುಳ್ಳು ನಿಂತಲ್ಲೇ ನಿಲ್ಲೋದು.

ವಿಂಗ್ ಕಮಾಂಡರ್ ಅವತ್ತು ಬಂದು ಪುಸ್ತಕ ತೆಗೆದರು. ನನ್ನ ಸಹಿ ಜಾಗ ಖಾಲಿ ಇದ್ದದ್ದನ್ನು ನೋಡಿದರು. ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಚಹಾ ಕುಡಿಯೋಕೆ ಹೋದರು.